ಸೀಟು ಬಿಟ್ಟಿಳಿಯದ ಡ್ರೈವರ್

ಕೃಷ್ಣಮ್ಮ ರಸ್ತೆಗಿಳಿದು ಬಲಗೈ ಎತ್ತಿದರು.

ಬಿಳಿ ಪಿಕಪ್ ಗಾಡಿ ನಿಧಾನವಾಗಿ ಎಡಕ್ಕೆ ಸರಿದು ಹೊಂಗೆ ಮರದ ಕೆಳಗೆ ನಿಂತಿತು. ನಿಂತದ್ದೇ ತಡ, ಬಾಗಿಲು ತೆಗೆದು ಬೀರಲಿಂಗಯ್ಯ ಕೆಳಗಿಳಿದ. ಮೊಣಕಾಲಿನ ತನಕ ಮಡಿಚಿ ಕಟ್ಟಿದ್ದ ಪಂಚೆಯನ್ನು ಇಳಿಬಿಟ್ಟ. ಹೆಗಲ ಮೇಲಿನ ಟವಲ್ಲನ್ನು ಕೈಗೆ ತೆಗೆದುಕೊಂಡ. ಗಾಡಿಯ ಕಾಗದಪತ್ರಗಳಿದ್ದ ಪ್ಲಾಸ್ಟಿಕ್ ಕವರನ್ನು ಎದೆಗೊತ್ತಿಕೊಂಡು ಅವರ ಮುಂದೆ ಬಂದು ನಿಂತ.

"ನಿಲ್ಲು ನಿಲ್ಲು" ಎಂದರು ಕೃಷ್ಣಮ್ಮ. "ಗುರುವಾರದ ದಿನವೂ ಹಿಂಗೇ ಇಳಿದು ಬಂದ್ಯಾ?"

ಬೀರಲಿಂಗಯ್ಯ ತಲೆ ಕೆರೆದುಕೊಂಡ. "ಇಲ್ಲ ಮೇಡಂ. ಅವತ್ತು ಸೀಟ್ನಾಗೇ ಕುಂತಿದ್ದೆ."

"ಮತ್ತೆ ಈಗ್ಯಾಕೆ ಇಳಿದೆ? ಅವತ್ತು ಏನೇನು ಮಾಡಿದ್ಯೋ ಅದನ್ನೇ ಮಾಡು ಅಂತ ತಾನೇ ನಾನು ಬೆಳಗ್ಗಿಂದ ಬಡ್ಕೊತಿರೋದು."

"ಅಭ್ಯಾಸ ಮೇಡಂ. ಪೊಲೀಸ್ನೋರು ಕಂಡೇಟ್ಗೆ ಕಾಲು ತಾನಾಗೇ ಇಳಿದ್ಬುಡ್ತದೆ."

"ವಾಪಸ್ ಹೋಗು. ಇನ್ನೊಂದ್ಸಲ ಬಾ."

ಅವನು ಗಾಡಿ ಹತ್ತಿ ಹಿಂದಕ್ಕೆ ತೆಗೆದುಕೊಂಡು ಹೋದ. ಕೃಷ್ಣಮ್ಮ ಟೋಪಿ ತೆಗೆದು ಹಣೆಯ ಬೆವರು ಒರೆಸಿಕೊಂಡರು. ಬೆಳಗಿನ ಹತ್ತೂವರೆ. ಹಾಸನದಿಂದ ಹೊಳೆನರಸೀಪುರಕ್ಕೆ ಹೋಗುವ ರಸ್ತೆ, ಮೊಸಳೆ ಊರಿನ ಕಡೆ ತಿರುಗುವುದಕ್ಕೆ ಸ್ವಲ್ಪ ಮುಂಚಿನ ತಿರುವು. ಬಸ್ಸಿನ ಕಿಟಕಿಗಳಿಂದ ಜನ ಕತ್ತು ಹೊರಗೆ ಹಾಕಿ ನೋಡುತ್ತಿದ್ದರು. ಒಂದೇ ಗಾಡಿಯನ್ನು ಮೂರು ಮೂರು ಸಲ ಹಿಡಿಯುವ ಪೊಲೀಸಮ್ಮನನ್ನು ಅವರು ಹಿಂದೆ ನೋಡಿರಲಿಕ್ಕಿಲ್ಲ.

ಕೊರವಂಗಲದ ಬೀರಲಿಂಗಯ್ಯನಿಗೆ ಸುತ್ತಿಕೊಂಡಿದ್ದುದು ಎತ್ತಿನ ಕಳವು. ಗೊರೂರಿನ ಆಚೆ, ಅರಕಲಗೂಡು ರಸ್ತೆಯಲ್ಲಿ, ಜಯಲಕ್ಷ್ಮಮ್ಮನವರದು ದೊಡ್ಡ ಜಮೀನಿನ ಮನೆ. ಹೋದ ಭಾನುವಾರ ಮಧ್ಯಾಹ್ನ ಮನೆಯವರೆಲ್ಲ ಚನ್ನರಾಯಪಟ್ಟಣದ ಮದುವೆಗೆ ಹೋಗಿದ್ದಾಗ ಅವರ ಕೊಟ್ಟಿಗೆಯಿಂದ ಹಳ್ಳಿಕಾರ್ ಎತ್ತಿನ ಜೋಡಿ ಮಾಯವಾಗಿತ್ತು. ಮಂಡಿನೋವೆಂದು ಮನೆಯಲ್ಲೇ ಮಲಗಿದ್ದ ಜಯಲಕ್ಷ್ಮಮ್ಮ ಏನೂ ಕೇಳಿಸಲಿಲ್ಲವೆಂದರು. ದೂರು ಬರೆದುಕೊಟ್ಟವನು ಮಗ ಹರ್ಷವರ್ಧನ್. ಸೋಮವಾರ ಸಬ್‌ಇನ್‌ಸ್ಪೆಕ್ಟರ್ ಪ್ರಸನ್ನಕುಮಾರ್ ಹೋಗಿ ನೋಡಿದರೆ, ಗೋದಲಿಯ ಹುಲ್ಲಿನೊಳಗೆ ಬೀರಲಿಂಗಯ್ಯನ ಡ್ರೈವಿಂಗ್ ಲೈಸೆನ್ಸ್ ಬಿದ್ದಿತ್ತು. ಹರ್ಷವರ್ಧನ್ ಚಿಕ್ಕವನಿದ್ದಾಗಿನಿಂದ ಆ ಮನೆಯ ಕೆಲಸ ಮಾಡಿಕೊಂಡು ಬಂದವನೂ, ಆ ಎತ್ತುಗಳನ್ನು ಹಿಂದೆ ಎಷ್ಟೋ ಸಲ ತನ್ನ ಪಿಕಪ್ಪಿನಲ್ಲಿ ಏರಿಸಿಕೊಂಡು ಹೋಗಿದ್ದವನೂ ಅವನೇ.

ಬೀರಲಿಂಗಯ್ಯ ಹೇಳಿದ್ದು ಒಂದೇ ಮಾತು. ಗುರುವಾರವೇ ಈ ತಿರುವಿನಲ್ಲಿ ಒಬ್ಬ ಟ್ರಾಫಿಕ್ ಪೊಲೀಸ್ ನಿಲ್ಲಿಸಿ ಲೈಸೆನ್ಸ್ ಕಿತ್ತುಕೊಂಡು ಹೋದ, ಅದು ಕೊಟ್ಟಿಗೆಗೆ ಹೇಗೆ ಹೋಯಿತೋ ತನಗೆ ತಿಳಿಯದು.

ಪ್ರಸನ್ನಕುಮಾರ್ ಟ್ರಾಫಿಕ್ಕಿಗೆ ಫೋನ್ ಮಾಡಿ ವಿಚಾರಿಸಿದ್ದರು. ಫೋನ್ ಎತ್ತಿದವರು ಎಎಸ್‌ಐ ಕೃಷ್ಣಮ್ಮ. ಗುರುವಾರ ಆ ರಸ್ತೆಯಲ್ಲಿ ಯಾರನ್ನೂ ಹಾಕಿರಲಿಲ್ಲ, ದಂಡ ಹಾಕುವ ಮಿಷನ್ನಿನಲ್ಲಿ ಆ ಗಾಡಿಯ ನಂಬರೇ ಇರಲಿಲ್ಲ. "ಹಾಗಾದರೆ ಇವನು ಸುಳ್ಳು ಹೇಳ್ತಿದ್ದಾನೆ" ಎಂದರು ಪ್ರಸನ್ನಕುಮಾರ್. "ಇಲ್ಲಾಂದ್ರೆ ನನ್ನ ರಸ್ತೆಯಲ್ಲಿ ಯಾವನೋ ನನ್ನ ಬಟ್ಟೆ ಹಾಕ್ಕೊಂಡು ನಿಂತಿದ್ದ" ಎಂದರು ಕೃಷ್ಣಮ್ಮ. ಆ ಮಾತು ಹೇಳುವಾಗ ಅವರಿಗೆ ಮೈ ಉರಿದುಹೋಗಿತ್ತು. ಮೂವತ್ತು ವರ್ಷ ಬಿಸಿಲಲ್ಲಿ ನಿಂತು ಸಂಪಾದಿಸಿದ ಬಟ್ಟೆ ಅದು.

ಇವತ್ತು ಬುಧವಾರ, ಸಂಜೆ ನಾಲ್ಕರ ತನಕ ಕೃಷ್ಣಮ್ಮನಿಗೆ ಅವಕಾಶ. ಆಮೇಲೆ ಬೀರಲಿಂಗಯ್ಯನ ಅರೆಸ್ಟು. ಗಾಡಿ ಠಾಣೆಯ ಅಂಗಳದಲ್ಲಿ ತುಕ್ಕು ಹಿಡಿಯುತ್ತದೆ. ಎತ್ತು ಕದ್ದವನು ಎಂದು ಒಂದು ಸಲ ಹೆಸರು ಬಂದರೆ ಹಾಸನ ಜಿಲ್ಲೆಯಲ್ಲಿ ಅವನ ಗಾಡಿಗೆ ಒಂದು ಕರು ಏರಿಸುವವರೂ ಇರುವುದಿಲ್ಲ. ಅವನಿಗೆ ಬೇರೆ ಕಸುಬು ಬರದು.

ಪಿಕಪ್ ಮತ್ತೆ ಬಂದು ನಿಂತಿತು. ಈ ಸಲ ಬೀರಲಿಂಗಯ್ಯ ಇಳಿಯಲಿಲ್ಲ. ಕೃಷ್ಣಮ್ಮನೇ ಬಾಗಿಲ ಹತ್ತಿರ ಹೋದರು.

"ಹೇಳು. ಅವನು ಹೆಂಗಿದ್ದ?"

"ಬೈಕ್ ಮರದ ಇಂದೆ ನಿಲ್ಸಿದ್ದ. ಎಲ್ಮೆಟ್ ಆಕಿದ್ದ, ಬಾಯಿಗೆ ಮಾಸ್ಕು. ಬಿಳಿ ಅಂಗಿ, ಮ್ಯಾಲೆ ಮಿಂಚೋ ಜಾಕೆಟ್ಟು."

"ಜಾಕೆಟ್ ಮುಚ್ಚಿತ್ತೋ ತೆಗೆದಿತ್ತೋ?"

"ಕತ್ತಿನವರೆಗೂ ಮುಚ್ಕಂಡಿದ್ದ."

"ಅಂದ್ರೆ ಹೆಸರಿನ ಪಟ್ಟಿ ಕಾಣ್ತಿರಲಿಲ್ಲ. ಏನು ಕೇಳಿದ?"

"ಲೈಸೆನ್ಸ್ ಕೊಡು ಅಂದ."

"ಆರ್‌ಸಿ? ಇನ್ಶೂರೆನ್ಸು? ಹೊಗೆ ಸರ್ಟಿಫಿಕೇಟು?"

"ಊಹೂಂ. ಲೈಸೆನ್ಸ್ ಒಂದೇ."

ಕೃಷ್ಣಮ್ಮ ಗಾಡಿಯ ಹಿಂಭಾಗ ನೋಡಿದರು. ಅಂದು ಅಲ್ಲಿ ಹಿಂಡಿ ಮೂಟೆ ಇತ್ತಂತೆ. "ಹಿಂದೆ ಏನಿದೆ ಅಂತ ನೋಡಿದ್ನಾ?"

"ಟಾರ್ಪಾಲ್ ಎತ್ತಿ ಎತ್ತಿ ನೋಡ್ದ ಮೇಡಂ. ಮೂಟೆ ಸಂದಿಗೆಲ್ಲ ಕೈ ಆಕ್ದ."

ಲೋಡಿನಲ್ಲಿ ಏನನ್ನೋ ಹುಡುಕುವ ಟ್ರಾಫಿಕ್ ಪೊಲೀಸಿನವನು ಲೋಡಿನ ಬಿಲ್ಲು ಕೇಳುತ್ತಾನೆ. ಇವನು ಕೇಳಿಲ್ಲ. ತೂಕ ಜಾಸ್ತಿಯಾಯಿತೆಂದು ರೇಗಿಲ್ಲ. ಸುಮ್ಮನೆ ಹುಡುಕಿ, ಲೈಸೆನ್ಸ್ ಜೇಬಿಗೆ ಹಾಕಿಕೊಂಡು ಹೋಗಿದ್ದಾನೆ. ಕೃಷ್ಣಮ್ಮನಿಗೆ ಇದು ಹಿಡಿಸಲಿಲ್ಲ.

"ಚೀಟಿ ಕೇಳಿದ್ಯಾ?"

"ಯಾವ ಚೀಟಿ?"

"ಲೈಸೆನ್ಸ್ ವಶಕ್ಕೆ ತಗೊಂಡ್ರೆ ಒಂದು ಚೀಟಿ ಬರೆದುಕೊಡಬೇಕು ಕಣಯ್ಯ. ಯಾವ ಠಾಣೆ, ಯಾರು ತಗೊಂಡ್ರು, ಯಾಕೆ ತಗೊಂಡ್ರು. ಅದೊಂದು ಇಸ್ಕೊಂಡಿದ್ರೆ ಇವತ್ತು ಈ ಬಿಸಿಲಲ್ಲಿ ನಾವಿಬ್ರೂ ನಾಟಕ ಆಡೋ ಹಾಗಿರಲಿಲ್ಲ."

ಬೀರಲಿಂಗಯ್ಯ ತಲೆ ತಗ್ಗಿಸಿದ. ಅವನ ಬಲಗೈ ಮಾತ್ರ ಅವನಿಗೇ ಗೊತ್ತಿಲ್ಲದಂತೆ ಅಂಗಿ ಜೇಬಿನ ಹತ್ತಿರ ಹೋಗಿ, ಅಲ್ಲಿಂದ ಹಿಂದಕ್ಕೆ ಬಂತು.

ಕೃಷ್ಣಮ್ಮನ ಕಣ್ಣಿಗೆ ಅದು ಬಿತ್ತು.

"ಯಾರಿಗೆ ಫೋನ್ ಮಾಡಿದೆ?"

"ಯಾರಿಗೂ ಇಲ್ಲ ಮೇಡಂ."

"ಬೀರಲಿಂಗಯ್ಯ."

ಅವನು ಜೇಬಿನ ಮೇಲೆ ಕೈಯಿಟ್ಟುಕೊಂಡ. ಇದು ನಮ್ಮ ಸೀಮೆಯ ರೂಢಿ, ಅವನೊಬ್ಬನದೇನಲ್ಲ. ಕೈ ತೋರಿಸಿದ ಪೊಲೀಸಿನವನ ಎದೆಯ ಮೇಲಿನ ಹೆಸರು ಓದುವವರು ನೂರಕ್ಕೊಬ್ಬರಿಲ್ಲ. ಚೀಟಿ ಕೇಳುವವರಂತೂ ಇಲ್ಲವೇ ಇಲ್ಲ. ಆದರೆ ಗಾಡಿ ನಿಂತ ಮರುಗಳಿಗೆಗೆ ಜೇಬಿನಿಂದ ಫೋನ್ ಈಚೆ ಬರುತ್ತದೆ. ಹಾಲಿ ಅಧ್ಯಕ್ಷರೋ, ಮಾಜಿ ಅಧ್ಯಕ್ಷರೋ, ಸೊಸೈಟಿ ಡೈರೆಕ್ಟರೋ, ಯಾರಾದರೊಬ್ಬರ ನಂಬರ್ ಒತ್ತಿ, "ಸಾ, ಒಂದ್ನಿಮಿಷ, ನಮ್ಮೋರು ಮಾತಾಡ್ತಾರಂತೆ" ಎಂದು ಪೊಲೀಸಿನವರ ಕಿವಿಗೇ ಹಿಡಿಯುತ್ತಾರೆ. ಇಂಥ ಎಷ್ಟು ಫೋನುಗಳಿಗೆ ಕೃಷ್ಣಮ್ಮ ಕಿವಿ ಕೊಟ್ಟಿದ್ದಾರೋ ಅವರಿಗೇ ಲೆಕ್ಕವಿಲ್ಲ.

"ಕೊಡು ಇಲ್ಲಿ" ಎಂದು ಕೈ ಚಾಚಿದರು.

ಬೀರಲಿಂಗಯ್ಯ ತನ್ನ ಹಳೆಯ ಬಟನ್ ಫೋನನ್ನು ಮನಸ್ಸಿಲ್ಲದ ಮನಸ್ಸಿನಿಂದ ಕೊಟ್ಟ. ಗುರುವಾರ, ಹನ್ನೊಂದು ಗಂಟೆ ಹನ್ನೆರಡು ನಿಮಿಷ. 'ಅಧ್ಯಕ್ಷರು' ಎಂದು ಹೆಸರು. ಒಂದು ನಿಮಿಷ ನಲವತ್ತೆಂಟು ಸೆಕೆಂಡಿನ ಮಾತು.

"ಯಾವ ಅಧ್ಯಕ್ಷರು?"

"ರಾಮಣ್ಣನೋರು. ಒಳೆನರಸೀಪುರದಾಗೆ ಗೊಬ್ಬರದಂಗಡಿ ಮಡಗವ್ರೆ."

"ಪ್ರಸನ್ನಕುಮಾರ್ ಸಾಹೇಬ್ರು ಎರಡು ದಿನದಿಂದ ಕೇಳ್ತಿದ್ದಾರೆ, ಸಾಕ್ಷಿ ಯಾರಾದ್ರೂ ಇದ್ದಾರಾ ಅಂತ. ಇವರ ಹೆಸರು ಯಾಕೆ ಹೇಳಲಿಲ್ಲ?"

"ದೊಡ್ಡೋರ ಎಸ್ರು ಸ್ಟೇಷನ್‌ಗೆ ಯಾಕೆ ಎಳೀಬೇಕು ಅಂತ."

"ನಿನ್ನನ್ನ ಜೈಲಿಗೆ ಎಳೀತಾರೆ, ಅದು ಪರವಾಗಿಲ್ವಾ?" ಕೃಷ್ಣಮ್ಮನಿಗೆ ನಿಜಕ್ಕೂ ಸಿಟ್ಟು ಬಂದಿತ್ತು. "ಆ ಕಡೆ ಜರುಗು. ನಿನ್ನ ಲೈಸೆನ್ಸ್ ಠಾಣೆ ಲಕೋಟೆಯಲ್ಲಿದೆ. ನಾಟಕಕ್ಕೆ ಇಲ್ಲಿ ನಾಲ್ಕು ಮಾರು ಓಡಿಸಿದ್ದು ಸಾಕು, ನಾನು ಪಕ್ಕದಲ್ಲಿ ಕೂತು ನೀನು ಓಡಿಸಿದ್ರೆ ಊರೇ ನಗುತ್ತೆ."

*

ಪಿಕಪ್ಪಿನ ಗೇರು ಬಿಗಿಯಾಗಿತ್ತು. ಕೃಷ್ಣಮ್ಮ ಎರಡು ಸಲ ಹೆಣಗಿ ಮೂರನೆಯದಕ್ಕೆ ಹಾಕಿದರು. ಪಕ್ಕದಲ್ಲಿ ಬೀರಲಿಂಗಯ್ಯ ತನ್ನ ಗಾಡಿಯನ್ನು ಬೇರೆಯವರ ಕೈಗೆ ಕೊಟ್ಟವರೆಲ್ಲ ಕೂರುವ ಹಾಗೆ ಕೂತಿದ್ದ. ಅವರು ಕ್ಲಚ್ಚು ಒತ್ತಿದಾಗಲೆಲ್ಲ ಅವನ ಎಡಗಾಲೂ ಒತ್ತುತ್ತಿತ್ತು.

"ಬೆಲ್ಟ್ ಹಾಕ್ಕೊ."

ಹಾಕಿಕೊಂಡ.

"ಒಂದು ಕೇಳ್ತೀನಿ. ಇವತ್ತು ನಾನು ಕೈ ಎತ್ತಿದ ತಕ್ಷಣ ಪಂಚೆ ಇಳಿಸಿ ಓಡಿ ಬಂದೆ. ಅವತ್ತು ಯಾಕೆ ಸೀಟಲ್ಲೇ ಕೂತೆ?"

"ನೀವೇ ಏಳ್ಕೊಟ್ಟಿದ್ರಲ್ಲ ಮೇಡಂ. ಓದ್ವರ್ಸ ಲೈಸೆನ್ಸ್ ರಿನೀವಲ್‌ಗೆ ಬಂದಾಗ, ಟೆಸ್ಟ್ ಮೈದಾನದಾಗೆ."

ಕೃಷ್ಣಮ್ಮನಿಗೆ ಒಳಗೊಳಗೇ ಖುಷಿಯಾಯಿತು. ಸುಳ್ಳು ಯಾಕೆ, ಆಯಿತು. ಮಂಗಳವಾರ ಮಂಗಳವಾರ ಅವರು ಆ ಮೈದಾನದಲ್ಲಿ ನಿಂತು ಗಂಟಲು ಹರಿದುಕೊಳ್ಳುತ್ತಾರೆ. ಪೊಲೀಸ್ ಕೈ ತೋರಿಸಿದ್ರೆ ಗಾಡಿ ಪಕ್ಕಕ್ಕೆ ಹಾಕಿ, ಎಂಜಿನ್ ಆರಿಸಿ, ಸೀಟಲ್ಲೇ ಕೂತಿರಿ. ಕೈ ಸ್ಟೀರಿಂಗ್ ಮೇಲಿರಲಿ, ಕಾಣೋ ಹಾಗೆ. ಗಾಜು ಇಳಿಸಿ ಮಾತಾಡಿ. ಕೇಳಿದ ಕಾಗದ ಕೊಡಿ, ಕೊಡುವಾಗ ನಿಮ್ಮ ಹೆಸರೇನು ಸಾರ್ ಅಂತ ಕೇಳಿ, ಕೇಳೋದು ತಪ್ಪಲ್ಲ. ತಪ್ಪಿದ್ರೆ ಒಪ್ಪಿಕೊಳ್ಳಿ, ಇಲ್ಲದಿದ್ರೆ ಕೋರ್ಟಲ್ಲಿ ಹೇಳ್ಕೊಳ್ಳಿ. ದನಿ ಏರಿಸ್ಬೇಡಿ, ಏರಿಸೋ ಕೆಲಸ ನಮಗಿರಲಿ. ಇಷ್ಟು ಹೇಳುವಷ್ಟರಲ್ಲಿ ಮುಂದೆ ಕೂತವರಲ್ಲಿ ಅರ್ಧ ಜನ ಫೋನು ನೋಡುತ್ತಿರುತ್ತಾರೆ. ಒಬ್ಬನಾದರೂ ಕೇಳಿಸಿಕೊಂಡಿದ್ದನಲ್ಲ ಎಂದು ಅವರಿಗೆ ಸಮಾಧಾನವೆನಿಸಿತು.

ಆ ಸಮಾಧಾನ ಎರಡು ಕಿಲೋಮೀಟರು ಕೂಡ ಬಾಳಲಿಲ್ಲ.

ಕ್ಲಾಸಿನಲ್ಲಿ ಕಲಿತಿದ್ದ ಎನ್ನುವುದಾದರೆ ಕೂತುಕೊಳ್ಳುವುದೊಂದನ್ನೇ ಕಲಿತನೇ? ಹೆಸರು ಕೇಳಲಿಲ್ಲ, ಚೀಟಿ ಇಸ್ಕೊಳ್ಳಲಿಲ್ಲ, ಫೋನ್ ಬೇರೆ ಮಾಡಿದ. ಹೇಳಿಕೊಟ್ಟ ಟೀಚರೇ ಎದುರಿಗೆ ನಿಂತು ಕೈ ಎತ್ತಿದರೆ ಇಳಿದು ಬಂದ. ಗುರುತು ಪರಿಚಯವಿಲ್ಲದ ಪೊಲೀಸಿನವನ ಮುಂದೆ ಮಾತ್ರ ಜಗ್ಗದೆ ಕೂತಿದ್ದ.

ಹೇಮಾವತಿ ಸೇತುವೆ ದಾಟುವಾಗ ಕೃಷ್ಣಮ್ಮ ಒಂದು ಸಲ ಅವನ ಕಡೆ ತಿರುಗಿ ನೋಡಿದರು. ಬೀರಲಿಂಗಯ್ಯ ನೀರು ನೋಡುತ್ತಿದ್ದ. ಈಗ ಕೇಳುವುದು ಬೇಡವೆಂದು ಅವರಿಗೆ ತೋರಿತು.

*

ರಾಮಣ್ಣನವರು ಗ್ರಾಮ ಪಂಚಾಯಿತಿಯ ಅಧ್ಯಕ್ಷಗಿರಿ ಬಿಟ್ಟು ಒಂಬತ್ತು ವರ್ಷವಾಗಿತ್ತು. ಅಧ್ಯಕ್ಷರು ಎನ್ನುವ ಹೆಸರು ಮಾತ್ರ ಅವರನ್ನು ಬಿಟ್ಟಿರಲಿಲ್ಲ. ಗೊಬ್ಬರದ ಚೀಲಗಳ ನಡುವೆ ಮೇಜು ಹಾಕಿಕೊಂಡು ಕೂತಿದ್ದರು. ಟ್ರಾಫಿಕ್ಕಿನ ಬಿಳಿ ಅಂಗಿ ಕಂಡು ನಕ್ಕರು, ಅದರ ಹಿಂದೆ ಬೀರಲಿಂಗಯ್ಯನನ್ನು ಕಂಡು ನಗು ನಿಲ್ಲಿಸಿದರು.

"ಬನ್ನಿ ಅಮ್ಮ, ಬನ್ನಿ. ಕಾಫಿ ತರಿಸ್ಲಾ?"

"ಕಾಫಿ ಆಮೇಲೆ ಕುಡಿಯೋಣ ಅಧ್ಯಕ್ಷರೇ. ಗುರುವಾರ ಹನ್ನೊಂದು ಗಂಟೆಗೆ ಇವನು ನಿಮಗೆ ಫೋನ್ ಮಾಡಿ ಒಬ್ಬ ಪೊಲೀಸಿನೋನ ಕೈಗೆ ಕೊಟ್ಟಿದ್ದ. ಅವನ ಜೊತೆ ಏನು ಮಾತಾಡಿದ್ರಿ?"

ರಾಮಣ್ಣನವರು ಕನ್ನಡಕ ತೆಗೆದು ಟವಲ್ಲಿನಲ್ಲಿ ಒರೆಸಿದರು. "ದಿನಕ್ಕೆ ಹತ್ತು ಫೋನ್ ಬರ್ತವೆ. ನಮ್ಮ ಹುಡುಗ, ಬಿಟ್ಬಿಡಿ ಸಾ ಅಂತೀನಿ. ಕೆಲವರು ಬಿಡ್ತಾರೆ, ಕೆಲವರು ಬಿಡಲ್ಲ. ಎಲ್ಲಾ ಎಲ್ಲಿ ನೆನಪಿರ್ತದೆ."

"ಇವನು ಬಿಡಲಿಲ್ಲ. ನೀವು ಮಾತಾಡಿದ ಮೇಲೂ ಲೈಸೆನ್ಸ್ ಕಿತ್ಕೊಂಡು ಹೋದ."

"ಹೌದಾ. ಹೋಗ್ಲಿ ಬಿಡಿ, ಏನು ಮಾಡೋಕಾಗುತ್ತೆ."

ಕೃಷ್ಣಮ್ಮ ಒಂದು ಗೊಬ್ಬರದ ಚೀಲದ ಮೇಲೆ ನಿಧಾನವಾಗಿ ಕೂತರು. ಅವರ ದನಿಯಲ್ಲಿ ಒರಟಿರಲಿಲ್ಲ, ಪಕ್ಕದ ಮನೆಯವರ ಹತ್ತಿರ ಮಾತಾಡುವ ಹಾಗೆಯೇ ಮಾತಾಡಿದರು.

"ಅಧ್ಯಕ್ಷರೇ, ಮೂರು ವರ್ಷದ ಕೆಳಗೆ ನೀವು ಫೋನಲ್ಲಿ ಹೇಳಿದ ಮೇಲೂ ನಾನೊಬ್ಬನಿಗೆ ಹೆಲ್ಮೆಟ್ ದಂಡ ಹಾಕಿದ್ದೆ. ನೆನಪಿದೆಯಾ?"

ರಾಮಣ್ಣನವರು ಮೇಜಿನ ಮೇಲಿನ ರಸೀತಿಗಳನ್ನು ಜೋಡಿಸತೊಡಗಿದರು.

"ನನಗಿದೆ. ಸಂಜೆಯೊಳಗೆ ನನ್ನ ಹೆಸರು ಪತ್ತೆ ಮಾಡಿದ್ರಿ. ಮಾರನೇ ದಿನ ಠಾಣೆಗೆ ಬಂದು ಸಾಹೇಬ್ರ ಮುಂದೆ ಒಂದು ಗಂಟೆ ಕೂತಿದ್ರಿ. ನಿಮ್ಮ ಮಾತು ತೆಗೆದುಹಾಕಿದ್ನಲ್ಲ ಅಂತ ನಿಮಗೆ ಅನ್ನ ಸೇರಿರಲಿಲ್ಲ. ನಾನು ಬೇಜಾರು ಮಾಡ್ಕೊಂಡಿಲ್ಲ, ಲೀಡರ್ ಅಂದ್ರೆ ಹಂಗೇ ಇರ್ಬೇಕು. ಈಗ ಒಬ್ಬ ನಿಮ್ಮ ಮಾತಿಗೆ ಮೂರು ಕಾಸಿನ ಬೆಲೆ ಕೊಡದೆ ನಿಮ್ಮ ಹುಡುಗನ ಲೈಸೆನ್ಸ್ ಕಿತ್ಕೊಂಡಿದ್ದಾನೆ. ಆರು ದಿನ ಆಯ್ತು. ಅವನು ಯಾರು ಅಂತ ನೀವು ಒಂದು ಫೋನ್ ಮಾಡಿ ಕೇಳಿಲ್ಲ. ಒಳಗೆ ಬರೋಕೆ ಮುಂಚೆ ನಾನು ಎಲ್ಲಾ ಠಾಣೆಗೂ ಫೋನ್ ಮಾಡಿ ವಿಚಾರಿಸ್ಕೊಂಡೇ ಬಂದಿದೀನಿ, ಯಾವ ಠಾಣೆಗೂ ನೀವು ಕೇಳಿಲ್ಲ. ಯಾಕೆ?"

ರಾಮಣ್ಣನವರು ಕನ್ನಡಕವನ್ನು ಮೇಜಿನ ಮೇಲಿಟ್ಟರು.

"ಯಾಕೇಂದ್ರೆ ಅವನು ಯಾರು ಅಂತ ನಿಮಗೆ ಗೊತ್ತಿತ್ತು" ಎಂದರು ಕೃಷ್ಣಮ್ಮ.

ರಾಮಣ್ಣನವರ ಕಣ್ಣು ಗೋಡೆಯ ಕಡೆ ಹೋಗಿ ಬಂತು. ಕೃಷ್ಣಮ್ಮನೂ ಆ ಕಡೆ ನೋಡಿದರು. ದೇವರ ಪಟಗಳ ಸಾಲಿನಲ್ಲಿ ಒಂದು ಮದುವೆಯ ಫೋಟೋ ಇತ್ತು. ಹುಡುಗಿ ಲಕ್ಷಣವಾಗಿದ್ದಳು. ಪಕ್ಕದಲ್ಲಿ ಪೇಟ ಕಟ್ಟಿಕೊಂಡು ನಿಂತ ಹುಡುಗನನ್ನು ಅವರು ಸೋಮವಾರವಷ್ಟೇ ಠಾಣೆಯ ಬೆಂಚಿನ ಮೇಲೆ ನೋಡಿದ್ದರು. ಎತ್ತು ಕಳೆದುಹೋಯಿತೆಂದು ದೂರು ಬರೆದುಕೊಡಲು ಬಂದಿದ್ದ ಜಯಲಕ್ಷ್ಮಮ್ಮನವರ ಮಗ ಹರ್ಷವರ್ಧನ್.

"ಮಗಳಾ?"

"ಸಿಂಧು. ಒಬ್ಬಳೇ ಮಗಳು."

"ಅಳಿಯಂದಿರು ಗೊರೂರಿನ ಆಚೆಯವರು, ಅಲ್ವಾ."

ರಾಮಣ್ಣನವರು ಎರಡು ಕೈಯಲ್ಲೂ ಮುಖ ಉಜ್ಜಿಕೊಂಡರು. ಒಮ್ಮೆಗೇ ಹತ್ತು ವರ್ಷ ದೊಡ್ಡವರಾದಂತೆ ಕಂಡರು. ಕೃಷ್ಣಮ್ಮನಿಗೆ ಪಾಪವೆನಿಸಿತು, ಆದರೂ ಬಿಡಲಿಲ್ಲ.

"ನಿಮ್ಮ ಫೋನಿನಲ್ಲಿ ಎಲ್ಲಾ ಮಾತೂ ರೆಕಾರ್ಡ್ ಆಗುತ್ತೆ ಅಂತ ಇಡೀ ತಾಲ್ಲೂಕಿಗೇ ಗೊತ್ತು. ಕಂಟ್ರಾಕ್ಟರ್ ಮಾತನ್ನ ಸಭೆಯಲ್ಲೇ ಕೇಳಿಸಿದ್ರಲ್ಲ. ಗುರುವಾರದ್ದು ಹಾಕಿ. ಹಾಕದಿದ್ರೆ ಪ್ರಸನ್ನಕುಮಾರ್ ಸಾಹೇಬ್ರು ಬಂದು ಫೋನನ್ನೇ ತಗೊಂಡು ಹೋಗ್ತಾರೆ. ಅದು ನಿಮಗೂ ಬೇಡ, ನನಗೂ ಬೇಡ."

ರಾಮಣ್ಣನವರು ಫೋನ್ ಎತ್ತಿಕೊಂಡರು. ಹುಡುಕಬೇಕಾಗಿಯೇ ಇರಲಿಲ್ಲ. ಆರು ದಿನದಲ್ಲಿ ಅವರು ಅದನ್ನು ಎಷ್ಟೋ ಸಲ ಕೇಳಿದ್ದರೆಂದು ಕಾಣುತ್ತದೆ.

ಮೊದಲು ಬೀರಲಿಂಗಯ್ಯನ ದನಿ. "ಅಧ್ಯಕ್ಷರೇ, ನಾನು ಕೊರವಂಗಲದ ಬೀರಲಿಂಗಯ್ಯ. ಮೊಸಳೆ ತಾವ ಪೊಲೀಸ್ನೋರು ನಿಲ್ಸವ್ರೆ. ಅವರ್ಗೆ ಕೊಡ್ತೀನಿ. ದನಿ ಸ್ವಲ್ಪ ಗಮನ ಇಟ್ಟು ಕೇಳಿ."

ಆಮೇಲೆ ರಾಮಣ್ಣನವರದು. "ನಮಸ್ಕಾರ ಸಾ. ನಮ್ಮ ಹುಡುಗ, ಬಡವ..."

ಜಲ್ಲಿಕಲ್ಲಿನ ಮೇಲೆ ನಡೆದುಹೋಗುವ ಸದ್ದು. ಗಾಡಿಯಿಂದ ಸಾಕಷ್ಟು ದೂರ ಹೋದ ಮೇಲೆ ತಗ್ಗಿಸಿದ ಒಂದು ದನಿ. "ಮಾವ, ನಾನು ಹರ್ಷ. ಏನೂ ಕೇಳ್ಬೇಡಿ. ಆಯ್ತು ಅಂದು ಇಟ್ಬಿಡಿ. ಸಂಜೆ ಮನೆಗೆ ಬಂದು ಹೇಳ್ತೀನಿ."

"ಏನಪ್ಪಾ ಇದು, ಪೊಲೀಸ್ ಬಟ್ಟೆ..."

"ಇಡಿ ಮಾವ."

ಅಲ್ಲಿಗೆ ಮುಗಿದಿತ್ತು.

"ಸಂಜೆ ಬಂದು ಏನು ಹೇಳಿದ?" ಕೃಷ್ಣಮ್ಮ ಕೇಳಿದರು.

"ಬರಲೇ ಇಲ್ಲ. ಭಾನುವಾರ ಎತ್ತು ಹೋಯ್ತು. ಸೋಮವಾರ ಇವನ ಲೈಸೆನ್ಸ್ ಸಿಕ್ತು ಅಂತ ಸುದ್ದಿ. ನನಗೆ ಕೈಕಾಲೇ ಆಡಲಿಲ್ಲ ಅಮ್ಮ. ಸಿಂಧು ಏಳು ತಿಂಗಳ ಬಸುರಿ. ಬಾಯಿ ಬಿಟ್ಟರೆ ಮಗಳ ಸಂಸಾರ, ಬಿಡದಿದ್ರೆ ಇವನ ಬಾಳು." ಅವರು ಬೀರಲಿಂಗಯ್ಯನ ಕಡೆ ತಿರುಗಿದರು, ಆದರೆ ಮುಖ ನೋಡಲಿಲ್ಲ. "ತಪ್ಪಾಯ್ತು ಕಣಪ್ಪ."

ಬಾಗಿಲಲ್ಲಿ ನಿಂತಿದ್ದ ಬೀರಲಿಂಗಯ್ಯ, "ಇರ್ಲಿ ಬುಡಿ ಅಧ್ಯಕ್ಷರೇ" ಎಂದ. ಅಷ್ಟು ಮೆತ್ತಗೆ ಹೇಳಿದ್ದನ್ನು ಕೇಳಿ ಕೃಷ್ಣಮ್ಮನಿಗೆ ಮತ್ತೆ ರೇಗಿತು.

"ಬಾ ಇಲ್ಲಿ. ದನಿ ಗಮನ ಇಟ್ಟು ಕೇಳಿ ಅಂದೆಯಲ್ಲ, ಯಾಕೆ? ಹೆಲ್ಮೆಟ್ಟು ಮಾಸ್ಕು ಎಲ್ಲಾ ಇದ್ರೂ ಅವನು ಯಾರು ಅಂತ ನಿನಗೆ ಆಗಲೇ ತಿಳಿದಿತ್ತು. ಅದಕ್ಕೇ ನೀನು ಸೀಟು ಬಿಟ್ಟು ಇಳಿಯಲಿಲ್ಲ. ಪೊಲೀಸಿನೋರಿಗೆ ಇಳಿದು ಪಂಚೆ ಬಿಡ್ತೀಯ. ಎತ್ತಿ ಆಡಿಸಿದ ಹುಡುಗನಿಗೆ ಯಾಕೆ ಇಳೀತೀಯ."

ಬೀರಲಿಂಗಯ್ಯ ಟವಲ್ಲಿನ ಅಂಚು ಹಿಂಡುತ್ತ ನಿಂತ.

"ಗಾಡಿ ನಿಲ್ಸು ಅಂತ ಬಾಯಿ ಬಿಟ್ಟೇಟ್ಗೆ ಗೊತ್ತಾಯ್ತು ಮೇಡಂ. ಚಡ್ಡಿ ಆಕ್ಕಳೋ ಕಾಲದಿಂದ ಕೇಳಿರೋ ದನಿ. ಪೊಲೀಸ್ ಬಟ್ಟೆ ಆಕ್ಕಂಡು ರೋಡ್ನಾಗೆ ನಿಂತವ್ನೆ, ನಿಜವಾದ ಪೊಲೀಸ್ನೋರು ಬಂದ್ರೆ ಏನು ಗತಿ ಅಂತ ಭಯ ಆಯ್ತು. ಮನೆ ಇರೀಕ್ರಿಗೆ ಗೊತ್ತಾಗ್ಲಿ, ಕರೆದು ಬುದ್ಧಿ ಏಳ್ಲಿ ಅಂತ ಅಧ್ಯಕ್ಷರ್ಗೆ ಫೋನ್ ಕೊಟ್ಟೆ. ಬೇರೇನಿಲ್ಲ."

"ಎರಡು ದಿನ ಪ್ರಸನ್ನಕುಮಾರ್ ಕೇಳ್ದಾಗ ಯಾವನೋ ಪೊಲೀಸ್ ಅಂದೆ. ಅವನ ಹೆಸರು ಬಾಯಿಗೆ ಬರಲಿಲ್ಲ."

"ಆ ಮನೆ ಅನ್ನ ತಿಂದಿವ್ನಿ. ನಮ್ಮ ಮೊದಲ ಗಾಡಿಗೆ ಅವ್ವಾರೇ ಪೂಜೆ ಮಾಡಿ ಕೊಟ್ಟಿದ್ದು. ಅವ್ವಾರ ಮಗನ್ನ ನಾನು ಎಂಗೆ ಇಡ್ದು ಕೊಡ್ಲಿ?"

ಅವ್ವಾರು ಎಂದರೆ ಜಯಲಕ್ಷ್ಮಮ್ಮ. ಆ ಹೆಸರು ಹೇಳುವಾಗ ಅವನು ಟವಲ್ ಹಿಂಡುವುದನ್ನು ಬಿಟ್ಟು ಕೈಮುಗಿದ. ಕೃಷ್ಣಮ್ಮನ ಸಿಟ್ಟು ಅಲ್ಲಿಗೆ ಇಳಿಯಿತು. ಇಂಥವನನ್ನು ಕಳ್ಳನೆಂದು ಒಳಗೆ ಹಾಕಲು ಹೊರಟಿದ್ದರಲ್ಲ ಎಂದು ಸಂಕಟವಾಯಿತು. ಗಡಿಯಾರ ನೋಡಿದರು. ಹನ್ನೆರಡೂ ಕಾಲು. ನಾಲ್ಕು ಗಂಟೆಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

ರೆಕಾರ್ಡಿಂಗನ್ನು ತಮ್ಮ ಫೋನಿಗೆ ಕಳಿಸಿಕೊಂಡರು. ಅಲ್ಲೇ ನಿಂತು ಪ್ರಸನ್ನಕುಮಾರ್ ನಂಬರ್ ಒತ್ತಿ, ನಡೆದದ್ದನ್ನೆಲ್ಲ ಹೇಳಿದರು.

"ನೀವು ಗೆದ್ರಿ ಮೇಡಂ" ಎಂದರು ಪ್ರಸನ್ನಕುಮಾರ್. "ಲೈಸೆನ್ಸನ್ನ ಬೇಕು ಅಂತ್ಲೇ ಕೊಟ್ಟಿಗೆಯಲ್ಲಿ ಹಾಕಿದ್ದಾರೆ. ಅದು ಬಿಟ್ಟರೆ ಬೀರಲಿಂಗಯ್ಯನ ಮೇಲೆ ನನ್ನ ಹತ್ರ ಏನೂ ಇಲ್ಲ. ಹರ್ಷವರ್ಧನ್‌ನ ಈಗಲೇ ಕರೆಸ್ತೀನಿ. ಇವನು ಮನೆಗೆ ಹೋಗಬಹುದು."

"ಅವನಿಗೆ ನೀವೇ ಹೇಳಿ ಸಾರ್. ಎರಡು ದಿನದಿಂದ ಊಟ ಬಿಟ್ಟಿದ್ದಾನೆ."

ಕೃಷ್ಣಮ್ಮ ಸ್ಪೀಕರ್ ಒತ್ತಿ ಫೋನನ್ನು ಮೇಜಿನ ಮೇಲಿಟ್ಟರು. ಅವರಿಗೆ ಹಗುರವೆನಿಸಿತ್ತು. ಕಾಫಿ ತರಿಸಿ ಎಂದು ರಾಮಣ್ಣನವರಿಗೆ ಕಣ್ಣಿನಲ್ಲೇ ಸನ್ನೆ ಮಾಡಿದರು.

"ಬೀರಲಿಂಗಯ್ಯ" ಎಂದಿತು ಫೋನು. "ನಿನ್ನ ಮೇಲಿನ ಅನುಮಾನ ಹೋಯ್ತಪ್ಪ. ಒಂದು ಹೇಳಿಕೆ ಬರೆಸ್ತೀನಿ, ಸಂಜೆ ಬಂದು ಸಹಿ ಹಾಕು. ಭಾನುವಾರ ನಾನು ಆ ಕೊಟ್ಟಿಗೆಗೆ ಹೋಗಿಲ್ಲ, ಎತ್ತು ಮುಟ್ಟಿಲ್ಲ ಅಂತ. ಅಷ್ಟೇ ತಾನೇ?"

ಬೀರಲಿಂಗಯ್ಯ ಫೋನನ್ನೇ ನೋಡುತ್ತ ನಿಂತ.

"ಹೂಂ ಅನ್ನು" ಎಂದರು ಕೃಷ್ಣಮ್ಮ.

ಅವನು ಹೆಗಲಿನ ಟವಲ್ ತೆಗೆದು ಮೇಜಿನ ಮೇಲಿಟ್ಟ. ಮತ್ತೆ ತೆಗೆದುಕೊಂಡ. ರಾಮಣ್ಣನವರು ಕೂತಲ್ಲೇ ಮುಂದಕ್ಕೆ ಬಾಗಿದರು.

"ಬೀರಲಿಂಗಯ್ಯ, ಕೇಳಿಸ್ತಿದೆಯಾ?"

"ಕೇಳಿಸ್ತದೆ ಸಾ." ಅವನು ಫೋನಿನ ಹತ್ತಿರಕ್ಕೆ ಬಾಗಿದ. "ಲೈಸೆನ್ಸ್ ನಾನು ಬೀಳ್ಸಿದ್ದಲ್ಲ, ಅದು ದಿಟ. ಆದ್ರೆ ಸುಳ್ಳಿಗೆ ಸಹಿ ಆಕಕ್ಕಾಗಲ್ಲ. ಭಾನುವಾರ ಮಧ್ಯಾಹ್ನ ಎತ್ತು ಏರಿಸ್ಕಂಡು ಓಗಿದ್ದು ನಾನೇ."

ಕೃಷ್ಣಮ್ಮ ಫೋನಿನ ಕಡೆ ಕೈ ಚಾಚಿದರು.

"ಯಾರು ಏಳಿ ಕಳಿಸಿದ್ರು ಅಂತ ಮಾತ್ರ ಕೇಳ್ಬೇಡಿ ಮೇಡಂ" ಎಂದ ಬೀರಲಿಂಗಯ್ಯ. "ಮಾತು ಕೊಟ್ಬುಟ್ಟಿವ್ನಿ."

ಭಾನುವಾರ ಮಧ್ಯಾಹ್ನ ಆ ಮನೆಯಲ್ಲಿ ಉಳಿದಿದ್ದವರು ಜಯಲಕ್ಷ್ಮಮ್ಮ ಒಬ್ಬರೇ ಎಂಬುದು ಕೃಷ್ಣಮ್ಮನಿಗೆ ಆಗ ನೆನಪಾಯಿತು.

"ಕೇಳಿಸಿತು ಮೇಡಂ" ಎಂದರು ಪ್ರಸನ್ನಕುಮಾರ್ ಆ ಕಡೆಯಿಂದ. "ಅವನನ್ನ ಅಲ್ಲೇ ಕೂರಿಸ್ಕೊಳ್ಳಿ. ನಾವೇ ಬರ್ತೀವಿ."